ಕ್ಯಾಬಿನೆಟ್ಟಿನೊಳಗೆ ಗಾಳಿಗೊಂದು ದಾರಿ: ಡೆಸ್ಕ್‌ಟಾಪ್ ಕಂಪ್ಯೂಟರಿನ ಫ್ಯಾನುಗಳ ದಿಕ್ಕು ಹೊಂದಿಸುವ ಕ್ರಮ

ಹಾಸನದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡಿಕೊಡುವ ಪರಿಚಯದ ಹುಡುಗನೊಬ್ಬ ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿ, “ಅಣ್ಣಾ, ಐದು ಫ್ಯಾನ್ ಹಾಕ್ಸಿದೀನಿ, ಆದ್ರೂ ರೆಂಡರಿಗೆ ಬಿಟ್ರೆ ಹತ್ತೇ ನಿಮಿಷಕ್ಕೆ ಸ್ಲೋ ಆಗೋಗುತ್ತೆ” ಎಂದ. ರೆಂಡರ್ ಎಂದರೆ ಎಡಿಟ್ ಮಾಡಿದ್ದನ್ನು ಕಂಪ್ಯೂಟರು ಅಂತಿಮ ವಿಡಿಯೋ ಫೈಲಾಗಿ ತಯಾರಿಸುವ ಕೆಲಸ. ಚಿಕ್ಕಮಗಳೂರಿನಿಂದ ಬೇರೆ ಕೆಲಸಕ್ಕೆಂದು ಹೋದವನು ಅವನ ಸ್ಟುಡಿಯೋಕ್ಕೂ ಹೋಗಿ ನೋಡಿದೆ. ಪಕ್ಕದ ಗಾಜಿನ ಮೂಲಕ ಐದು ಫ್ಯಾನುಗಳೂ ಬಣ್ಣದ ದೀಪ ಹೊತ್ತು ಸೊಗಸಾಗಿಯೇ ತಿರುಗುತ್ತಿದ್ದವು. ಅಲ್ಲಿಯೇ ದೇವರ ಪಟದ ಮುಂದಿದ್ದ ಕಟ್ಟಿನಿಂದ ಒಂದು ಊದುಬತ್ತಿ ತೆಗೆದು, ಹೊತ್ತಿಸಿ, ಮುಂಭಾಗದ ಜಾಲರಿಯ ಬಳಿ ಹಿಡಿದಾಗ ಹೊಗೆ ಒಳಗೆ ಹೋಗುವ ಬದಲು ನನ್ನ ಮುಖಕ್ಕೇ ಬಂತು. ಮೇಲೆ ಹಿಡಿದರೂ ಹೊರಕ್ಕೆ, ಹಿಂದೆ ಹಿಡಿದರೂ ಹೊರಕ್ಕೆ. ಕೊನೆಗೆ ಹಿಂಬದಿಯ ಖಾಲಿ ಕಾರ್ಡ್ ಸ್ಲಾಟಿನ ಸೀಳಿನ ಹತ್ತಿರ ಒಯ್ದಾಗ ಮಾತ್ರ ಹೊಗೆಯ ಎಳೆ ನೂಲಿನಂತೆ ನೆಟ್ಟಗಾಗಿ ಒಳಕ್ಕೆ ಸೇದಿಕೊಂಡಿತು. ಜೋಡಿಸಿಕೊಟ್ಟ ಅಂಗಡಿಯವರು, ಮುಂದಿನ ಫಲಕ ಮುಚ್ಚಿರುವುದರಿಂದ ದೀಪ ಹೊರಗೆ ಕಾಣುವುದಿಲ್ಲವೆಂದು, ಮುಂದಿನ ಮೂರು ಫ್ಯಾನುಗಳ ಚಂದದ ಮುಖವನ್ನು ಒಳಕ್ಕೆ ತಿರುಗಿಸಿ ಕೂರಿಸಿದ್ದರು. ಹೀಗಾಗಿ ಐದೂ ಫ್ಯಾನುಗಳು ಗಾಳಿಯನ್ನು ಹೊರಗೆ ದಬ್ಬುತ್ತಿದ್ದವು. ಒಳಗೆ ತರುವುದು ಒಂದೂ ಇರಲಿಲ್ಲ. ನಾನು ಮಾಡಿದ್ದು ಆ ಮೂರನ್ನು ತಿರುಗಿಸಿ ಹಾಕಿದ್ದಷ್ಟೇ. ಅದೇ ರೆಂಡರಿನಲ್ಲಿ ಪ್ರೊಸೆಸರಿನ ಉಷ್ಣತೆ ಹತ್ತು ಡಿಗ್ರಿಗೂ ಹೆಚ್ಚು ಇಳಿಯಿತು.

ಕ್ಯಾಬಿನೆಟ್ಟಿಗೆ ಎಷ್ಟು ಫ್ಯಾನು ಹಾಕಬೇಕೆಂದು ಕೇಳುವವರೇ ಹೆಚ್ಚು. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ಕೇಳುವವರು ಕಡಿಮೆ. ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದಕ್ಕೆ ಬಹುಪಾಲು ಸಲ ಮೂರು ಎಂಬ ಸಣ್ಣ ಸಂಖ್ಯೆಯೇ ಸಾಕಾಗುತ್ತದೆ. ಈ ಲೇಖನದಲ್ಲಿ ಆ ದಾರಿಯನ್ನು ಹಂತಹಂತವಾಗಿ ಮಾಡಿಕೊಳ್ಳುವ ಕ್ರಮವನ್ನು, ನಮ್ಮ ಕಡೆಯ ಧೂಳು ಮತ್ತು ಮಳೆಯನ್ನೂ ಗಮನದಲ್ಲಿಟ್ಟುಕೊಂಡು ವಿವರಿಸಿದ್ದೇನೆ. ನಮ್ಮಲ್ಲಿ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎನ್ನುವ ರೂಢಿಯಿದೆ. ಇಲ್ಲಿ ಪೆಟ್ಟಿಗೆಗೆ ಕ್ಯಾಬಿನೆಟ್ ಎಂದೂ, ಒಳಗಿನ ಚಿಪ್ಪಿಗೆ ಪ್ರೊಸೆಸರ್ ಎಂದೂ ಕರೆಯುತ್ತೇನೆ.

ಕೈ ಹಾಕುವ ಮುನ್ನ

ಮೊದಲು ಈಗಿನ ಸ್ಥಿತಿಯನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಬದಲಾವಣೆಯಿಂದ ಆದ ಲಾಭವೆಷ್ಟೆಂದು ತಿಳಿಯುವುದೇ ಇಲ್ಲ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಮಾನಿಟರ್‌ನಂಥ ಉಚಿತ ತಂತ್ರಾಂಶ, ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಈ ಕೆಲಸಕ್ಕೆ ಸಾಕು. ನೀವು ದಿನವೂ ಮಾಡುವ ಭಾರದ ಕೆಲಸವೊಂದನ್ನು, ಅದು ರೆಂಡರಿರಲಿ ಆಟವಿರಲಿ, ಅರ್ಧ ಗಂಟೆ ಓಡಿಸಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಗರಿಷ್ಠ ಉಷ್ಣತೆಯ ಜೊತೆಗೆ ಕೋಣೆಯ ಉಷ್ಣತೆಯನ್ನೂ ಗುರುತು ಹಾಕಿಕೊಳ್ಳಿ. ಕೋಣೆಯದನ್ನು ಬರೆದುಕೊಳ್ಳಲು ಕಾರಣವಿದೆ: ಗಾಳಿಯಿಂದ ತಣಿಸುವ ಯಾವ ವ್ಯವಸ್ಥೆಯೂ ಒಳಗಿನ ಭಾಗಗಳನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು; ಡಿಸೆಂಬರಿನ ಬೆಳಿಗ್ಗೆ ತೆಗೆದ ಅಂಕಿಯನ್ನು ಏಪ್ರಿಲ್ ಮಧ್ಯಾಹ್ನದ ಅಂಕಿಯೊಡನೆ ಹೋಲಿಸಿದರೆ ಫ್ಯಾನಿಗೆ ಸಲ್ಲದ ಹೊಗಳಿಕೆಯೋ ಬೈಗುಳವೋ ಸಿಗುತ್ತದೆ.

ಇಂಟೆಲ್ಲಿನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ರೈಜನ್ 7000 ಸರಣಿಗೆ 95 ಡಿಗ್ರಿ ಮೇಲ್ಮಿತಿ. ಅದನ್ನು ಮುಟ್ಟಿದಾಗ ಪ್ರೊಸೆಸರು ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಹುಡುಗ ಹೇಳಿದ ‘ಸ್ಲೋ’ ಎಂದರೆ ಇದೇ.

ಇದಾದ ಮೇಲೆ ಪಕ್ಕದ ಫಲಕವನ್ನು ತೆಗೆದಿಟ್ಟು ಅದೇ ಕೆಲಸವನ್ನು ಇನ್ನೊಮ್ಮೆ ಓಡಿಸಿ. ಫಲಕ ತೆಗೆದಾಗ ಉಷ್ಣತೆ ಗಣನೀಯವಾಗಿ ಇಳಿದರೆ ತೊಂದರೆಯಿರುವುದು ಕ್ಯಾಬಿನೆಟ್ಟಿನ ಗಾಳಿಯ ಹರಿವಿನಲ್ಲಿ. ಹೆಚ್ಚೇನೂ ಇಳಿಯದಿದ್ದರೆ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ (ಬಿಸಿ ದಾಟಿಸುವ ಲೇಪ) ಒಣಗಿರಬಹುದು, ಆ ಬಿಸಿಯನ್ನು ಹೀರುವ ಲೋಹದ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಟ್ಟಿರಬಹುದು, ಅಥವಾ ಅದರ ಒಂದು ಮೂಲೆಯ ಪಿನ್ನು ಕಳಚಿರಬಹುದು. ಅಂಥಲ್ಲಿ ಫ್ಯಾನು ತಿರುಗಿಸಿ ಕೂರಿಸುವ ಶ್ರಮ ವ್ಯರ್ಥ. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ಹೊಸ ಫ್ಯಾನು ಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಅಳತೆ ಮುಗಿದ ಬಳಿಕ ಕಂಪ್ಯೂಟರನ್ನು ಆರಿಸಿ, ಯುಪಿಎಸ್‌ನಿಂದಲೂ ವೈರು ಕಿತ್ತು, ಒಳಗೆ ಉಳಿದ ವಿದ್ಯುತ್ತು ಖಾಲಿಯಾಗಲೆಂದು ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದ ನಂತರವೇ ಒಳಗೆ ಕೈಯಿಡಿ. ಒಳಗಿನ ಭಾಗಗಳಿಗೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ವೈರು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಫ್ಯಾನಿನ ಮುಖ ಯಾವುದು, ಬೆನ್ನು ಯಾವುದು

ಕ್ಯಾಬಿನೆಟ್ಟಿಗೆ ಹಾಕುವ ಫ್ಯಾನು ಸಾಮಾನ್ಯವಾಗಿ 120 ಅಥವಾ 140 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ದಪ್ಪದ ಚೌಕ. ಅದನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ನೋಡಿ. ಒಂದು ಕಡೆ ರೆಕ್ಕೆಗಳು ಅಡ್ಡಿಯಿಲ್ಲದೆ ತೆರೆದುಕೊಂಡಿರುತ್ತವೆ. ಇನ್ನೊಂದು ಕಡೆ ನಡುವಿನ ಮೋಟಾರನ್ನು ಚೌಕಟ್ಟಿಗೆ ಹಿಡಿದಿಡುವ ಮೂರೋ ನಾಲ್ಕೋ ಪ್ಲಾಸ್ಟಿಕ್ ಕಡ್ಡಿಗಳು ಅಡ್ಡ ಇರುತ್ತವೆ, ಅವುಗಳಲ್ಲಿ ಒಂದರ ಗುಂಟ ವೈರು ಹೊರಗೆ ಬಂದಿರುತ್ತದೆ. ಗಾಳಿ ತೆರೆದ ಕಡೆಯಿಂದ ಒಳಬಂದು ಕಡ್ಡಿಗಳಿರುವ ಕಡೆಯಿಂದ ಹೊರಹೋಗುತ್ತದೆ. ತೆರೆದದ್ದು ಮುಖ, ಕಡ್ಡಿಯಿರುವುದು ಬೆನ್ನು ಎಂದು ನೆನಪಿಟ್ಟರೆ, ಮುಖದಿಂದ ಉಸಿರೆಳೆದು ಬೆನ್ನಿನಿಂದ ಬಿಡುವ ವಿಚಿತ್ರ ಪ್ರಾಣಿ ಇದು. ಸ್ಟಿಕ್ಕರ್ ನೋಡಿ ನಿರ್ಧರಿಸಬೇಡಿ, ಕೆಲವು ತಯಾರಕರು ಎರಡೂ ಕಡೆ ಅಂಟಿಸುತ್ತಾರೆ. ಚೌಕಟ್ಟಿನ ಅಂಚಿನಲ್ಲಿ ಎರಡು ಸಣ್ಣ ಬಾಣಗಳನ್ನು ಕೊರೆದಿದ್ದರೆ ಒಂದು ರೆಕ್ಕೆ ತಿರುಗುವ ದಿಕ್ಕನ್ನೂ ಇನ್ನೊಂದು ಗಾಳಿ ಹೋಗುವ ದಿಕ್ಕನ್ನೂ ತೋರಿಸುತ್ತವೆ. ಚೌಕಟ್ಟಿನ ದಪ್ಪದ ಗುಂಟ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಇರುವುದೇ ಗಾಳಿಯ ಬಾಣ.

ಇದಕ್ಕೊಂದು ಅಪವಾದವಿದೆ. ಗಾಜಿನ ಕ್ಯಾಬಿನೆಟ್ಟುಗಳ ಕಾಲ ಬಂದ ಮೇಲೆ, ಕಡ್ಡಿಗಳು ಕಣ್ಣಿಗೆ ಬೀಳಬಾರದೆಂದು ರೆಕ್ಕೆಗಳನ್ನು ತಿರುವುಮುರುವಾಗಿ ರೂಪಿಸಿದ ‘ರಿವರ್ಸ್’ ಫ್ಯಾನುಗಳೂ ಮಾರಾಟದಲ್ಲಿವೆ. ಅವುಗಳಲ್ಲಿ ಗಾಳಿ ಕಡ್ಡಿಗಳ ಕಡೆಯಿಂದ ಒಳಬಂದು ತೆರೆದ ಕಡೆಯಿಂದ ಹೊರಹೋಗುತ್ತದೆ. ಹಾಸನದ ಹುಡುಗನಿಗೆ ಬೇಕಾಗಿದ್ದದ್ದು ನಿಜವಾಗಿ ಇವೇ. ಆದ್ದರಿಂದ ಕಣ್ಣಿನ ಅಂದಾಜು ಎಷ್ಟೇ ಖಚಿತವೆನಿಸಿದರೂ ಹೊಗೆಯ ಪರೀಕ್ಷೆಯನ್ನು ಬಿಡಬಾರದು.

ದಾರಿಯನ್ನು ಗೊತ್ತುಮಾಡುವುದು

ಮಲೆನಾಡಿನ ಹಳೆಯ ಅಡುಗೆಮನೆಗಳಲ್ಲಿ ಗಾಳಿ ಬಾಗಿಲಿನಿಂದ ಬಂದು, ಒಲೆಯನ್ನು ದಾಟಿ, ಮಾಡಿನ ಸಂದಿಯಿಂದ ಹೊಗೆಯನ್ನು ಹೊತ್ತು ಹೋಗುತ್ತಿತ್ತು. ಕ್ಯಾಬಿನೆಟ್ಟಿನಲ್ಲೂ ಬೇಕಾಗಿರುವುದು ಅಷ್ಟೇ: ತಣ್ಣನೆಯ ಗಾಳಿ ಮುಂಭಾಗದಿಂದಲೋ ತಳದಿಂದಲೋ ಬರಬೇಕು, ಬಿಸಿಯಾಗುವ ಭಾಗಗಳನ್ನು ದಾಟಿಯೇ ಹೋಗಬೇಕು, ಹಿಂಭಾಗದಿಂದ ಮತ್ತು ಮೇಲಿನಿಂದ ಹೊರಬೀಳಬೇಕು. ಬಿಸಿಗಾಳಿ ತಾನಾಗಿಯೇ ಮೇಲೇರುತ್ತದೆಂಬುದು ನಿಜವಾದರೂ ತಿರುಗುವ ಫ್ಯಾನಿನ ಬಲದೆದುರು ಆ ಏರಿಕೆ ತೀರಾ ಕ್ಷೀಣ. ಮೇಲಿನಿಂದ ಹೊರಬಿಡುವ ಕ್ರಮ ಸರಿಯಾಗಿರುವುದು, ಹಿಂದಿನ ಮತ್ತು ಮೇಲಿನ ಜಾಗಗಳು ಪ್ರೊಸೆಸರಿಗೆ ಹತ್ತಿರ ಇರುವುದರಿಂದ.

ಮುಂಭಾಗದ ಫ್ಯಾನುಗಳ ತೆರೆದ ಮುಖ ಹೊರಕ್ಕೆ, ಕಡ್ಡಿಗಳು ಒಳಕ್ಕೆ ಇರಬೇಕು. ಹಿಂದಿನ ಫ್ಯಾನಿನ ತೆರೆದ ಮುಖ ಒಳಕ್ಕೆ, ಕಡ್ಡಿಗಳು ಹೊರಕ್ಕೆ. ಪ್ರೊಸೆಸರಿನ ಮೇಲೆ ಎತ್ತರದ ಟವರ್ ಕೂಲರ್ ಇದ್ದರೆ ಅದರ ಫ್ಯಾನು ರ‍್ಯಾಮ್ ಇರುವ ಕಡೆ ಕೂತು ಹಿಂದಕ್ಕೆ, ಅಂದರೆ ಹಿಂದಿನ ಫ್ಯಾನಿನ ಕಡೆಗೆ ಬೀಸಬೇಕು. ಆಗ ಮುಂದಿನ, ನಡುವಿನ, ಹಿಂದಿನ ಮೂರೂ ಫ್ಯಾನುಗಳು ಒಂದೇ ಸಾಲಿನಲ್ಲಿ ಗಾಳಿಯನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಪ್ರೊಸೆಸರಿನ ಜೊತೆ ಪೆಟ್ಟಿಗೆಯಲ್ಲಿ ಬರುವ ಗಿಡ್ಡ ಕೂಲರಾದರೆ ಮದರ್‌ಬೋರ್ಡಿನ ಮೇಲೆ ನೇರ ಕೆಳಕ್ಕೆ ಬೀಸುತ್ತದೆ, ಅದರಲ್ಲಿ ತಿರುಗಿಸುವಂಥದ್ದೇನೂ ಇಲ್ಲ.

ಮೇಲ್ಭಾಗದ ಫ್ಯಾನಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ದಿಕ್ಕು ಸರಿಯಿದ್ದೂ ಜಾಗ ತಪ್ಪಿ ನಷ್ಟವಾಗುವುದು ಇಲ್ಲಿಯೇ. ಮೇಲೆ ಎರಡು ಮೂರು ಫ್ಯಾನು ಕೂರಿಸಲು ಜಾಗವಿದೆಯೆಂದು ಮುಂಭಾಗಕ್ಕೆ ಹತ್ತಿರದ ರಂಧ್ರಗಳಿಗೆ ಫ್ಯಾನು ಹಾಕಿ ಹೊರಕ್ಕೆ ತಿರುಗಿಸಿದರೆ, ಮುಂದಿನಿಂದ ಆಗತಾನೇ ಒಳಬಂದ ತಣ್ಣನೆಯ ಗಾಳಿ ಪ್ರೊಸೆಸರನ್ನು ಮುಟ್ಟುವ ಮೊದಲೇ ಮೇಲಿನಿಂದ ಹಾರಿಹೋಗುತ್ತದೆ. ಮೇಲೆ ಒಂದೇ ಫ್ಯಾನು ಹಾಕುವುದಾದರೆ ತೀರಾ ಹಿಂದಿನ ಸ್ಥಾನಕ್ಕೆ ಹಾಕಿ. ಮುಂದಿನ ಸ್ಥಾನವನ್ನು ಖಾಲಿ ಬಿಡುವುದು, ಸಾಧ್ಯವಾದರೆ ರಟ್ಟು ಕತ್ತರಿಸಿ ಮುಚ್ಚುವುದು ಲೇಸು.

ಗ್ರಾಫಿಕ್ಸ್ ಕಾರ್ಡುಗಳು ಎರಡು ಬಗೆ. ಎರಡು ಮೂರು ಫ್ಯಾನುಗಳಿರುವ ಈಗಿನ ಸಾಮಾನ್ಯ ಕಾರ್ಡು ಕೆಳಗಿನಿಂದ ಗಾಳಿ ಎಳೆದು ಬಿಸಿಯನ್ನು ಕ್ಯಾಬಿನೆಟ್ಟಿನೊಳಗೇ ಸುರಿಯುತ್ತದೆ. ಆದ್ದರಿಂದ ಮುಂದಿನ ಫ್ಯಾನುಗಳಲ್ಲಿ ಒಂದಾದರೂ ಕಾರ್ಡಿಗಿಂತ ಕೆಳಗಿನ ಮಟ್ಟದಲ್ಲಿ ಇರಬೇಕು. ಒಂದೇ ಉರುಟು ಫ್ಯಾನಿರುವ ಬ್ಲೋವರ್ ಮಾದರಿ ಬಿಸಿಯನ್ನು ಹಿಂದಿನ ಕಿಂಡಿಯಿಂದ ತಾನೇ ಹೊರಹಾಕಿಕೊಳ್ಳುತ್ತದೆ. ಭಾರವಿಲ್ಲದಾಗ ಕಾರ್ಡಿನ ಫ್ಯಾನುಗಳು ಪೂರ್ತಿ ನಿಂತಿದ್ದರೆ ಗಾಬರಿಯಾಗಬೇಕಿಲ್ಲ, ಅನೇಕ ಕಾರ್ಡುಗಳು ಹಾಗೆಯೇ ರೂಪುಗೊಂಡಿವೆ.

ಎಸ್‌ಎಂಪಿಎಸ್ ತಳದಲ್ಲಿದ್ದು ಅಲ್ಲಿ ಜಾಲರಿಯ ಕಿಂಡಿಯಿದ್ದರೆ ಅದರ ಫ್ಯಾನು ಕೆಳಮುಖವಾಗಿರಲಿ. ಕಿಂಡಿಯಿಲ್ಲದಿದ್ದರೆ ಅಥವಾ ಕ್ಯಾಬಿನೆಟ್ಟು ಜಮಖಾನದ ಮೇಲೆ ಕೂತಿದ್ದರೆ ಮೇಲ್ಮುಖವಾಗಿರಲಿ. ಎಸ್‌ಎಂಪಿಎಸ್ ಮೇಲ್ಗಡೆ ಇರುವ ಹಳೆಯ ಕಚೇರಿ ಕ್ಯಾಬಿನೆಟ್ಟುಗಳಲ್ಲಿ ಅದೇ ಬಿಸಿಗಾಳಿಯನ್ನು ಹೊರಗೆ ಹಾಕುವುದರಿಂದ, ಮುಂದೆ ಕೆಳಗಡೆ ಒಳಮುಖವಾಗಿ ಒಂದು ಫ್ಯಾನು ಸೇರಿಸಿದರೆ ಮುಗಿಯಿತು.

ಬರುವ ಗಾಳಿ ಹೆಚ್ಚೋ, ಹೋಗುವ ಗಾಳಿ ಹೆಚ್ಚೋ

ಒಳತರುವ ಫ್ಯಾನುಗಳು ಹೊರಹಾಕುವವುಗಳಿಗಿಂತ ಹೆಚ್ಚು ಗಾಳಿ ಸಾಗಿಸಿದರೆ ಕ್ಯಾಬಿನೆಟ್ಟಿನೊಳಗೆ ಒತ್ತಡ ತುಸು ಹೆಚ್ಚಿ, ಪ್ರತಿ ಸಂದಿಯಿಂದಲೂ ಗಾಳಿ ಹೊರಕ್ಕೆ ಸೋರುತ್ತದೆ. ತಿರುಗುಮುರುಗಾದರೆ ಪ್ರತಿ ಸಂದಿಯೂ ಕೋಣೆಯ ಗಾಳಿಯನ್ನು ಧೂಳಿನ ಸಮೇತ ಒಳಗೆಳೆಯುತ್ತದೆ, ಹಿಂದಿನಿಂದ ಹೊರಬಿದ್ದ ಬಿಸಿಗಾಳಿಯೇ ಪಕ್ಕದ ಸ್ಲಾಟಿನ ಸೀಳಿನಿಂದ ಮರಳಿ ಬರುವುದೂ ಉಂಟು. ಉಷ್ಣತೆಯ ಲೆಕ್ಕವೊಂದನ್ನೇ ಹಿಡಿದರೆ ಎರಡರ ನಡುವೆ ಅಂಥ ಅಂತರವಿರುವುದಿಲ್ಲ. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ನಾನು ಹಿಂದುಮುಂದು ನೋಡದೆ ಮೊದಲನೆಯದನ್ನೇ ಸೂಚಿಸುತ್ತೇನೆ. ಜನವರಿಯಿಂದ ಮಳೆ ಬೀಳುವವರೆಗೆ ಕೆಮ್ಮಣ್ಣಿನ ಧೂಳು, ಕಾಫಿ ಒಣಗಿಸುವ ಕಣದಿಂದ ಏಳುವ ಸಿಪ್ಪೆಯ ಪುಡಿ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿನ ಸುತ್ತಮುತ್ತ ಹಾರುವ ನಯವಾದ ಹೊಟ್ಟು ಇವೆಲ್ಲ ಗಾಳಿಯಲ್ಲಿರುತ್ತವೆ. ಗಾಳಿ ಬರುವುದೇ ಆದರೆ ಜಾಲರಿ ಇರುವ ಬಾಗಿಲಿನಿಂದ ಬರಲಿ, ಕಂಡಕಂಡ ಸಂದಿಯಿಂದ ಬೇಡ.

ಫ್ಯಾನುಗಳನ್ನು ಎಣಿಸಿ ಈ ಲೆಕ್ಕ ಮಾಡಿದರೆ ಮೋಸ ಹೋಗುತ್ತೇವೆ. ಮುಂದಿನ ಫ್ಯಾನು ಧೂಳಿನ ಜಾಲರಿ ಮತ್ತು ಅಲಂಕಾರದ ಫಲಕದ ಮೂಲಕ ಉಸಿರೆಳೆಯಬೇಕು, ಹಿಂದಿನದರ ಎದುರು ಬಯಲೇ ಇರುತ್ತದೆ. ಒಂದೇ ಮಾದರಿಯ ಎರಡು ಒಳಗೆ, ಎರಡು ಹೊರಗೆ ಎಂದು ಸಮ ಮಾಡಿದರೂ ವಾಸ್ತವದಲ್ಲಿ ಹೊರಹೋಗುವುದೇ ಹೆಚ್ಚಾಗುತ್ತದೆ. ಮುಂದೆ ಎರಡು, ಹಿಂದೆ ಒಂದು ಎಂಬುದು ನನ್ನ ಮೊದಲ ಜೋಡಣೆ. ಅದರಿಂದ ಸಾಲದಿದ್ದರೆ ಮಾತ್ರ ಮೇಲೆ, ಹಿಂತುದಿಯಲ್ಲಿ, ನಿಧಾನ ವೇಗದ ಒಂದು.

ಎಷ್ಟು ಗಾಳಿ ಬೇಕೆಂಬುದಕ್ಕೆ ಒಂದು ಸ್ಥೂಲ ಲೆಕ್ಕವಿದೆ. 300 ವ್ಯಾಟ್ ಬಿಸಿಯನ್ನು, ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಹೆಚ್ಚು ಏರದಂತೆ ಸಾಗಿಸಲು ಸಮುದ್ರಮಟ್ಟದ ಊರಿನಲ್ಲಿ ನಿಮಿಷಕ್ಕೆ ಸುಮಾರು 53 ಘನ ಅಡಿ ಗಾಳಿ ಸಾಕು. ಹಾಸನ, ಚಿಕ್ಕಮಗಳೂರುಗಳು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ಇಲ್ಲಿ ಗಾಳಿ ಅಷ್ಟು ತೆಳುವಾಗಿರುವುದರಿಂದ ಅದೇ ಕೆಲಸಕ್ಕೆ ಸುಮಾರು 60 ಘನ ಅಡಿ ಬೇಕಾಗುತ್ತದೆ. ಮಂಗಳೂರಿನ ಗೆಳೆಯನ ಕಂಪ್ಯೂಟರಿನೊಡನೆ ಹೋಲಿಸುವಾಗ ನೆನಪಿಡಬೇಕಾದ ಮಾತು, ಆದರೆ ಇಲ್ಲಿನ ತಂಪು ಹವೆ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಕೂರಿಸುವುದು ಮತ್ತು ವೈರು ಜೋಡಿಸುವುದು

ಕೂರಿಸುವ ಮೊದಲು ಪ್ರತಿ ಫ್ಯಾನಿನ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಿಂದ ಗಾಳಿಯ ಬಾಣವನ್ನು ಎದ್ದು ಕಾಣುವಂತೆ ಬರೆಯಿರಿ. ಫ್ಯಾನಿನ ದಪ್ಪ ಸ್ಕ್ರೂಗಳು ಹೊಸ ಪ್ಲಾಸ್ಟಿಕ್ ರಂಧ್ರದಲ್ಲಿ ತಾವೇ ಎಳೆ ಕೊರೆದುಕೊಂಡು ಹೋಗುವುದರಿಂದ ಮೊದಲ ಸಲ ಬಿಗಿಯೆನಿಸುತ್ತವೆ. ನಾಲ್ಕನ್ನೂ ಅರ್ಧರ್ಧ ತಿರುಗಿಸಿ, ಅನಂತರ ಎದುರುಬದುರಾಗಿ ಬಿಗಿಮಾಡಿ. ಬಿಗಿಯಾದ ಮೇಲೆಯೂ ತಿರುವಿದರೆ ಪ್ಲಾಸ್ಟಿಕ್ ಮೂಲೆ ಸೀಳುತ್ತದೆ. ವೈರುಗಳನ್ನು ಮದರ್‌ಬೋರ್ಡಿನ ಹಿಂದಿನ ಜಾಗದಲ್ಲಿ ಒಯ್ಯಬೇಕು, ಗಾಳಿಯ ದಾರಿಗೆ ಅಡ್ಡವಾಗಿ ಜೋತುಬಿಡಬಾರದು.

ಮದರ್‌ಬೋರ್ಡಿನಲ್ಲಿ ‘ಸಿಪಿಯು ಫ್ಯಾನ್’ ಎಂದು ಬರೆದ ಪಿನ್ನುಗಳು ಪ್ರೊಸೆಸರಿನ ಕೂಲರಿಗೆ ಮೀಸಲು. ಉಳಿದವನ್ನು ‘ಚಾಸಿಸ್’ ಅಥವಾ ‘ಸಿಸ್ಟಮ್’ ಹೆಸರಿನ ಪಿನ್ನುಗಳಿಗೆ ಜೋಡಿಸಬೇಕು. ಫ್ಯಾನಿನ ವೈರಿನ ತುದಿಯಲ್ಲಿ ಮೂರು ತೂತುಗಳಿದ್ದರೆ ಅದರ ವೇಗವನ್ನು ವೋಲ್ಟೇಜ್ ಏರಿಳಿಸಿ ನಿಯಂತ್ರಿಸಬೇಕು, ನಾಲ್ಕಿದ್ದರೆ ಮದರ್‌ಬೋರ್ಡು ಕಳಿಸುವ ಪಿಡಬ್ಲ್ಯೂಎಂ ಎಂಬ ಸಂಕೇತದಿಂದ. ಮೂರು ತೂತಿನದನ್ನು ನಾಲ್ಕು ಪಿನ್ನಿಗೆ ಧಾರಾಳವಾಗಿ ಹಾಕಬಹುದು, ಆದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಹೊಂದಾಣಿಕೆಗಳ ಪರದೆಯಲ್ಲಿ) ಆ ಪಿನ್ನನ್ನು ‘ಡಿಸಿ’ ಎಂದು ಬದಲಿಸದಿದ್ದರೆ ಫ್ಯಾನು ಸದಾ ಪೂರ್ತಿ ವೇಗದಲ್ಲಿ ಕೂಗುತ್ತದೆ. ಸಾಮಾನ್ಯವಾಗಿ ಒಂದು ಗುಂಪು ಪಿನ್ನುಗಳ ಮಿತಿ 1 ಆಂಪಿಯರ್; ಕವಲು ವೈರು ಬಳಸುವಾಗ ಫ್ಯಾನುಗಳ ಬೆನ್ನಿನ ಮೇಲೆ ಬರೆದಿರುವ ಆಂಪಿಯರುಗಳನ್ನು ಕೂಡಿಸಿ ನೋಡಿಕೊಳ್ಳಿ. ಕೊನೆಗೆ, ಹಿಂಬದಿಯ ಖಾಲಿ ಸ್ಲಾಟುಗಳ ತಗಡಿನ ಪಟ್ಟಿಗಳು ಇಲ್ಲದಿದ್ದರೆ ಹುಡುಕಿ ಹಾಕಿ. ಹಲ್ಲಿ, ಜಿರಳೆಗಳಿಗೂ ಅದೇ ಹೆಬ್ಬಾಗಿಲು.

ಊದುಬತ್ತಿಯ ಪರೀಕ್ಷೆ

ಫಲಕಗಳನ್ನೆಲ್ಲ ಮುಚ್ಚಿ ಕಂಪ್ಯೂಟರ್ ಚಾಲೂ ಮಾಡಿ. ಕೋಣೆಯ ಸೀಲಿಂಗ್ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಹೊಗೆ ನೆಟ್ಟಗೆ ಏಳುವವರೆಗೆ ಒಂದು ನಿಮಿಷ ಕಾಯಿರಿ. ಊದುಬತ್ತಿಯನ್ನು ಮುಂದಿನ ಜಾಲರಿಯಿಂದ ಎರಡು ಬೆರಳಿನಷ್ಟು ದೂರದಲ್ಲಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒಯ್ದರೆ ಹೊಗೆ ಪ್ರತಿ ಫ್ಯಾನಿನ ಎದುರು ಬಾಗಿ ಒಳಹೋಗಬೇಕು. ಎಲ್ಲಿ ಅದು ಸುಮ್ಮನೆ ಮೇಲೇರುತ್ತದೋ ಅಲ್ಲಿ ಫ್ಯಾನು ದುರ್ಬಲವಾಗಿದೆ ಅಥವಾ ಜಾಲರಿ ಕಟ್ಟಿದೆ. ಹಿಂದೆ ಮತ್ತು ಮೇಲೆ ಹೊಗೆ ಚದುರಿ ದೂರ ಹೋಗಬೇಕು. ಆಮೇಲೆ ಸ್ಲಾಟುಗಳ ಸೀಳು, ಫಲಕದ ಅಂಚು, ಯುಎಸ್‌ಬಿ ಕಿಂಡಿಗಳ ಸುತ್ತ ಹಿಡಿಯಿರಿ. ಹೊಗೆ ಮೆಲ್ಲನೆ ಹೊರಕ್ಕೆ ತಳ್ಳಿಸಿಕೊಂಡರೆ ಒಳಗಿನ ಒತ್ತಡ ಬೇಕಾದಂತಿದೆ. ಒಳಕ್ಕೆ ಸೇದಿಕೊಂಡರೆ ಹಿಂದಿನ ಅಥವಾ ಮೇಲಿನ ಫ್ಯಾನಿನ ವೇಗ ತಗ್ಗಿಸಿ ಮತ್ತೆ ನೋಡಿ. ಒಂದೇ ಬತ್ತಿ, ಎರಡು ಮೂರು ನಿಮಿಷ ಸಾಕು, ಬೂದಿ ಜಾಲರಿಗೆ ಬೀಳದಂತೆ ಎಚ್ಚರವಿರಲಿ. ಹೊಗೆ ಬೇಡವೆನಿಸಿದರೆ ತೆಳು ಟಿಶ್ಯೂ ಕಾಗದದ ತುಂಡು ಒಳಮುಖದ ಫ್ಯಾನಿಗೆ ಅಂಟಿಕೊಳ್ಳುತ್ತದೆ, ಹೊರಮುಖದ್ದರಿಂದ ಹಾರುತ್ತದೆ. ಆದರೆ ಸಂದಿಗಳ ಸೋರಿಕೆಯನ್ನು ಕಾಗದ ಹೇಳಲಾರದು.

ಇದಾದ ಬಳಿಕ ಬಯಾಸ್‌ನಲ್ಲಿ ವೇಗದ ರೇಖೆಯನ್ನು ಹೊಂದಿಸಿ: 50 ಡಿಗ್ರಿಯವರೆಗೆ ನಲವತ್ತು ಪ್ರತಿಶತ, 70ಕ್ಕೆ ಅರವತ್ತೈದು, 85ಕ್ಕೆ ಪೂರ್ತಿ ಎಂಬುದು ಆರಂಭಕ್ಕೆ ಒಳ್ಳೆಯದು. ಪ್ರೊಸೆಸರಿನ ಉಷ್ಣತೆ ಕ್ಷಣಕ್ಷಣಕ್ಕೂ ಜಿಗಿಯುವುದರಿಂದ ವೇಗ ಬದಲಾಗುವ ಮುನ್ನ ಕೆಲವು ಸೆಕೆಂಡು ತಡೆಯುವ ಆಯ್ಕೆಯಿದ್ದರೆ ಅದನ್ನೂ ಚಾಲೂ ಮಾಡಿ, ಇಲ್ಲದಿದ್ದರೆ ಫ್ಯಾನುಗಳು ಏದುಸಿರು ಬಿಟ್ಟಂತೆ ಸದ್ದು ಮಾಡುತ್ತವೆ. ಆಮೇಲೆ ಮೊದಲಿನದೇ ಕೆಲಸವನ್ನು ಮತ್ತೆ ಅರ್ಧ ಗಂಟೆ ಓಡಿಸಿ ಅಂಕಿಗಳನ್ನು ಹೋಲಿಸಿ.

ಇಡುವ ಜಾಗ, ಧೂಳು, ಮಳೆ

ಮನೆಯವರು ಅಕ್ಕರೆಯಿಂದ ಹೊಲಿದ ಬಟ್ಟೆಯ ಗವಸು ಕಂಪ್ಯೂಟರ್ ಚಾಲೂ ಇರುವಾಗ ಅದರ ಮೇಲಿರಬಾರದು. ಕ್ಯಾಬಿನೆಟ್ಟಿನ ಬೆನ್ನಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಿ. ಹಿಂಬದಿ ಮುಚ್ಚಿದ ಮೇಜಿನ ಗೂಡಿನೊಳಗೆ ಇಡಬೇಡಿ, ಅಲ್ಲಿ ಹೊರಬಿದ್ದ ಬಿಸಿಗಾಳಿಯೇ ಸುತ್ತಿ ಮುಂದಿನಿಂದ ಒಳಬರುತ್ತದೆ. ನೆಲದ ಮೇಲೆ ಇಡಲೇಬೇಕಾದರೆ ಕಸಪೊರಕೆಯ ಧೂಳಿನಿಂದ ಮೇಲಿರಲೆಂದು ಒಂದು ಮಣೆಯ ಮೇಲಿಡಿ. ತಳದಲ್ಲಿ ಕಿಂಡಿಯಿದ್ದರೆ ಮಣೆಯ ಬದಲು ಎರಡು ಮರದ ಪಟ್ಟಿಗಳು ಒಳ್ಳೆಯವು.

ಮುಂದಿನ ಜಾಲರಿಯನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಕಾಫಿ ಒಣಗಿಸುವ ಕಾಲದಲ್ಲಿ ಕಣಕ್ಕೆ ಹತ್ತಿರದ ಮನೆಯಾದರೆ ಹದಿನೈದು ದಿನಕ್ಕೊಮ್ಮೆ ಸ್ವಚ್ಛಗೊಳಿಸಬೇಕು. ನಲ್ಲಿಯ ಕೆಳಗೆ ತೊಳೆದದ್ದು ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು, ಜುಲೈ ತಿಂಗಳಿನಲ್ಲಿ ಅದು ಒಣಗುವುದೇ ಇಲ್ಲವಾದ್ದರಿಂದ ಆಗ ಒಣ ಬ್ರಷ್ಷೇ ಗತಿ. ಧೂಳು ತೆಗೆಯಲು ಬ್ಲೋವರಿನಿಂದ ಒಳಗೆ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ಮಿತಿಮೀರಿದ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಓಡುತ್ತಿರುವ ಯಂತ್ರದ ಒಳಭಾಗ ಕೋಣೆಗಿಂತ ಬೆಚ್ಚಗಿರುವುದರಿಂದ ಅಲ್ಲಿ ತೇವ ಕಟ್ಟುವುದಿಲ್ಲ. ವಾರಗಟ್ಟಲೆ ಆರಿಸಿಟ್ಟ ಯಂತ್ರದಲ್ಲಿ ಮಾತ್ರ ಹಳೆಯ ಧೂಳು ನೀರು ಹೀರಿ ಕೆಸರಿನಂತಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಬಳಸದ ಕಂಪ್ಯೂಟರನ್ನೂ ದಿನಕ್ಕೆ ಅರ್ಧ ಗಂಟೆ ಚಾಲೂ ಇಡುವುದು ಒಳ್ಳೆಯದು. ಹಾಗೆ ಮಾಡದೆ ಮೂರು ತಿಂಗಳು ಬಿಟ್ಟಿದ್ದ ತೋಟದ ಕಚೇರಿಯ ಕಂಪ್ಯೂಟರೊಂದರ ಹಿಂದಿನ ಫ್ಯಾನಿನ ಮೇಲೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿ ರೆಕ್ಕೆಯನ್ನು ಚೌಕಟ್ಟಿಗೆ ಬೆಸೆದಿತ್ತು, ಸ್ಕ್ರೂಡ್ರೈವರಿನಿಂದ ಕೆತ್ತಿ ತೆಗೆಯಬೇಕಾಯಿತು.

ಅಂಕಿಗಳನ್ನೂ ಜಾಲರಿ ತೊಳೆದ ದಿನವನ್ನೂ ಒಂದು ಚೀಟಿಯಲ್ಲಿ ಬರೆದು, ಗಾಳಿಗೆ ಹಾರದಂತೆ, ಗಾಜಿಲ್ಲದ ಬದಿಯ ಫಲಕದ ಒಳಮೈಗೆ ಅಂಟಿಸಿಡಿ. ಉಷ್ಣತೆ ಮೊದಲಿನ ಅಂಕಿಗಿಂತ ಐದಾರು ಡಿಗ್ರಿ ಮೇಲೆ ಹೋದಾಗ ಮೊದಲು ನೋಡಬೇಕಾದದ್ದು ಆ ಚೀಟಿಯ ಕೊನೆಯ ತಾರೀಖನ್ನು, ಆಮೇಲೆ ಜಾಲರಿಯನ್ನು. ಹಾಸನದ ಹುಡುಗ ತನ್ನ ಚೀಟಿಯಲ್ಲಿ ಇನ್ನೊಂದು ಸಾಲನ್ನೂ ಸೇರಿಸಿದ್ದಾನೆ: “ದೀಪ ಕಾಣದಿದ್ದರೂ ಪರವಾಗಿಲ್ಲ, ತಿರುಗಿಸಬೇಡಿ.”